ಆರು ರೂಪಾಯಿ ಮೂವತ್ತೆಂಟು ಪೈಸೆ

ದಸರೆ ಮುಗಿದು ಮೂರನೆಯ ದಿನ. ಆಯುಧಪೂಜೆಗೆ ಕಟ್ಟಿದ ಚೆಂಡುಹೂವಿನ ಹಾರ ಇನ್ನೂ ಪೂರ್ತಿ ಬಾಡಿರಲಿಲ್ಲ. ಅಷ್ಟರಲ್ಲಿ ನಮ್ಮ ಹಿತ್ತಲಿನ ತಗಡಿನ ಶೆಡ್ಡಿಗೆ ಗುಜರಿ ವ್ಯಾಪಾರಿ ಬಂದ. ಕರೆಸಿದವನು ನನ್ನ ಅಣ್ಣನ ಮಗ. ಶೆಡ್ಡಿರುವ ಜಾಗ ರಸ್ತೆಗೆ ತಾಗಿಕೊಂಡಿದೆ. ಅಲ್ಲಿ ಎರಡು ಮಳಿಗೆ ಕಟ್ಟಿಸಬೇಕೆಂಬ ಆಸೆ ಅವನಿಗೆ. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಶೆಡ್ಡಿನೊಳಗೆ ನಮ್ಮ ಬಸವ ಇದ್ದಾನೆ.

ಬಸವ ಅಂದರೆ ಎತ್ತಲ್ಲ ಮಕ್ಕಳೇ, ವ್ಯಾನು. 1976ರ ಮಾಡೆಲ್ಲಿನ ಮೆಟಾಡೋರ್.

ಗುಜರಿಯವನು ಬಾಗಿಲು ಬಡಿದು ನೋಡಿದ, ಕೆಳಗೆ ಬಗ್ಗಿ ನೋಡಿದ, ಚಕ್ರಕ್ಕೆ ಒಂದು ಒದೆ ಕೊಟ್ಟ. “ಮೂವತ್ತೆರಡು ಸಾವಿರ. ಅದೂ ನಿಮ್ಮ ಮುಖ ನೋಡಿ,” ಅಂದ. ನನ್ನ ಮುಖಕ್ಕೆ ಅಷ್ಟು ಬೆಲೆ ಇದೆಯೆಂದು ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತಾಗಲೂ ಗೊತ್ತಾಗಿರಲಿಲ್ಲ.

ಏಳನೇ ತರಗತಿಯ ಮೊಮ್ಮಗಳು ಪಕ್ಕದಲ್ಲೇ ನಿಂತಿದ್ದಳು. “ಅಜ್ಜ, ಅದು ಸರಿಯಾದ ರೇಟಾ?” ಅಂತ ಕೇಳಿದಳು. ಬಿ.ಕಾಂ. ಓದಿದವನನ್ನು ಇಂಥ ಪ್ರಶ್ನೆ ಕೇಳಬಾರದು. ಕೇಳಿದರೆ ಪೆನ್ಸಿಲ್ ತರಲು ಹೇಳುತ್ತಾನೆ.

ಲೆಕ್ಕಶಾಸ್ತ್ರದಲ್ಲಿ ಸವಕಳಿ ಅಂತ ಒಂದಿದೆ. ಯಂತ್ರವೋ ವಾಹನವೋ ಕೊಂಡ ಮೇಲೆ ಪ್ರತಿ ವರ್ಷ ಸವೆಯುತ್ತದೆ. ಸವೆದಷ್ಟು ಬೆಲೆಯನ್ನು ಪುಸ್ತಕದಲ್ಲಿ ಇಳಿಸುತ್ತಾ ಬರಬೇಕು. ಇಳಿಸುವ ಒಂದು ಕ್ರಮ ಹೀಗಿದೆ: ವರ್ಷದ ಆರಂಭದಲ್ಲಿ ಎಷ್ಟು ಬೆಲೆ ಉಳಿದಿದೆಯೋ ಅದರಲ್ಲಿ ನೂರಕ್ಕೆ ಇಪ್ಪತ್ತನ್ನು ಕಳೆಯುವುದು. ಬಸವನನ್ನು ನಾವು 1984ರಲ್ಲಿ 48,000 ರೂಪಾಯಿಗೆ ಕೊಂಡೆವು. ಮೊದಲ ವರ್ಷ 9,600 ಕಳೆದರೆ ಉಳಿದದ್ದು 38,400. ಎರಡನೇ ವರ್ಷ ಆ 38,400ರಲ್ಲಿ ಇಪ್ಪತ್ತು ಭಾಗ ಕಳೆಯಬೇಕು, ಉಳಿದದ್ದು 30,720. ಹೀಗೇ ಹೋದರೆ ಹತ್ತು ವರ್ಷಕ್ಕೆ 5,154 ರೂಪಾಯಿ, ಇಪ್ಪತ್ತಕ್ಕೆ 553, ಮೂವತ್ತಕ್ಕೆ 59. ನಲವತ್ತು ವರ್ಷ ತುಂಬಿದ 2024ರಲ್ಲಿ ಬಸವನ ಪುಸ್ತಕದ ಬೆಲೆ ಆರು ರೂಪಾಯಿ ಮೂವತ್ತೆಂಟು ಪೈಸೆ!

ಈ ಕ್ರಮದಲ್ಲಿ ಒಂದು ಮಜಾ ಇದೆ. ಎಷ್ಟೇ ವರ್ಷ ಕಳೆದರೂ ಬೆಲೆ ಸೊನ್ನೆಗೆ ಮುಟ್ಟುವುದಿಲ್ಲ. ನಂಬಿಕೆ ಬಾರದಿದ್ದರೆ ನೀವೂ ಕ್ಯಾಲ್ಕುಲೇಟರ್ ಹಿಡಿದು 0.8ರಿಂದ ಗುಣಿಸುತ್ತಾ ಹೋಗಿ.

“ಅಂದ್ರೆ ಆರು ರೂಪಾಯಿಗೆ ಮೂವತ್ತೆರಡು ಸಾವಿರ ಕೊಡ್ತಿದಾನೆ. ಲಾಭ ಅಲ್ವಾ ಅಜ್ಜ?” ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. “ನಾಲ್ಕು ದಿನ ಬಿಟ್ಟು ಹೇಳ್ತೀವಪ್ಪ,” ಅಂತ ಗುಜರಿಯವನನ್ನು ಸಾಗಹಾಕಿದೆ. ಅಣ್ಣನ ಮಗನಿಗೆ ಬೇಸರವಾಯಿತು. ನನ್ನೆದುರು ಮಾತಾಡಲಿಲ್ಲ, ಅಷ್ಟೇ.

ಮೆಟಾಡೋರ್ ಎಂದರೇನೆಂದು ಈಗಿನ ಮಕ್ಕಳಿಗೆ ಹೇಳಬೇಕಾಗುತ್ತದೆ. ನನ್ನ ವಯಸ್ಸಿನವರಿಗೆ ಬೇಡ. ಮದುವೆ ದಿಬ್ಬಣ, ಶಾಲೆಯ ಮಕ್ಕಳು, ನಾಟಕದ ಸಾಮಾನು, ಹಾಲಿನ ಕ್ಯಾನು, ಎಲ್ಲದಕ್ಕೂ ಅದೇ. ಪುಣೆಯ ಬಜಾಜ್ ಟೆಂಪೊ ಕಂಪನಿ ಅದನ್ನು ಮಾಡುತ್ತಿತ್ತು. 1958ರಲ್ಲಿ ಎನ್.ಕೆ. ಫಿರೋದಿಯಾ ಅವರು ಜರ್ಮನಿಯ ಹ್ಯಾಂಬರ್ಗಿನ ವಿಡಾಲ್ ಅವರ ಟೆಂಪೊ ಕಾರ್ಖಾನೆಯ ಜೊತೆ ಒಪ್ಪಂದ ಮಾಡಿಕೊಂಡು ಕಟ್ಟಿದ ಕಂಪನಿ. 2005ರಿಂದ ಅದರ ಹೆಸರು ಫೋರ್ಸ್ ಮೋಟಾರ್ಸ್. ಅವರು ಮೊದಲು ತಂದ ಮೂರು ಚಕ್ರದ ಗಾಡಿಯಿಂದಲೇ ‘ಟೆಂಪೊ’ ನಮ್ಮ ಮಾತಾಗಿಬಿಟ್ಟಿತು. ಯಾವ ಕಂಪನಿಯ ಸರಕು ಗಾಡಿಯಾದರೂ ನಾವು “ಒಂದು ಟೆಂಪೊ ಹಿಡ್ಕಂಡು ಬಾ” ಅನ್ನುತ್ತೇವೆ.

ಹ್ಯಾಂಬರ್ಗಿನವರು 1949ರಲ್ಲಿ ತಮ್ಮ ಮೊದಲ ಮೆಟಾಡೋರ್ ತಂದಾಗ ಅದಕ್ಕೆ ಹಾಕಿದ್ದು ಫೋಕ್ಸ್‌ವ್ಯಾಗನ್ ಎಂಜಿನ್ನು. ಮರುವರ್ಷವೇ ಫೋಕ್ಸ್‌ವ್ಯಾಗನ್ನಿನವರು ತಮ್ಮದೇ ವ್ಯಾನು ತಂದರು. ಅದರೊಳಗೆ ಹಾಸಿಗೆ, ಒಲೆ, ಬೀರು ಜೋಡಿಸಿ ಊರೂರು ತಿರುಗುವ ಮನೆ ಮಾಡಿಕೊಳ್ಳುವುದು ಯುರೋಪು, ಅಮೆರಿಕದಲ್ಲೆಲ್ಲ ದೊಡ್ಡ ಹುಚ್ಚಾಯಿತು. ಆ ವ್ಯಾನುಗಳಿಗೆ ಅಲ್ಲಿನವರು ಹೆಸರಿಡುತ್ತಾರೆ, ಹುಟ್ಟುಹಬ್ಬ ಮಾಡುತ್ತಾರೆ. ಬ್ರೆಜಿಲ್ ದೇಶದಲ್ಲಿ 2013ರ ಕೊನೆಯವರೆಗೂ ಅದನ್ನು ತಯಾರಿಸುತ್ತಲೇ ಇದ್ದರು. ಮರುವರ್ಷ, 2014ರಲ್ಲಿ, ನಮ್ಮ ಅಂಬಾಸಿಡರ್ ಕಾರೂ ನಿಂತಿತು. ಆ ಸುದ್ದಿ ಓದಿದ ದಿನ ನನ್ನ ಸ್ನೇಹಿತರೊಬ್ಬರು ಊಟ ಬಿಟ್ಟಿದ್ದರು. ಅವರ ಹತ್ತಿರ ಅಂಬಾಸಿಡರ್ ಇರಲಿಲ್ಲ. ಮದುವೆಯ ದಿನ ಒಂದರಲ್ಲಿ ಕೂತಿದ್ದರು, ಅಷ್ಟೇ.

ಚಲಿಸುವ ಮನೆ ನಮಗೇನು ಹೊಸದಲ್ಲ. ನನ್ನ ಅಜ್ಜ ಮೈಲಾರದ ಜಾತ್ರೆಗೆ ಕಮಾನು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಗಾಡಿಯೊಳಗೆ ಹುಲ್ಲು, ಹುಲ್ಲಿನ ಮೇಲೆ ಕೌದಿ, ಮೂಲೆಯಲ್ಲಿ ರೊಟ್ಟಿ ಬುತ್ತಿ, ಅಚ್ಚಿನ ಕೆಳಗೆ ನೇತಾಡುವ ಲಾಟೀನು. ರಾತ್ರಿ ಎತ್ತು ಬಿಚ್ಚಿ ಹೊಳೆದಂಡೆಯಲ್ಲಿ ಮೂರು ಕಲ್ಲಿಟ್ಟರೆ ಒಲೆ ಆಯಿತು. ಹೆಂಗಸರು ಮಕ್ಕಳು ಗಾಡಿಯ ಮೇಲೆ, ಗಂಡಸರು ಗಾಡಿಯ ಕೆಳಗೆ. ಹೊನ್ನಾಳಿಯ ಮುಂದೆ ಹರಿದ ತುಂಗಭದ್ರೆಯೇ ಮೈಲಾರದ ಕಡೆಗೂ ಹರಿಯುವುದರಿಂದ ಅಜ್ಜ “ಹೊಳೆ ಹೋದಲ್ಲಿ ನಾವು ಹೋಗದು” ಅನ್ನುತ್ತಿದ್ದರಂತೆ.

ನನ್ನ ಅಣ್ಣನಿಗೆ ಆ ಗಾಡಿಯ ನೆನಪು ಚೆನ್ನಾಗಿತ್ತು. ಅವನು ನನಗಿಂತ ಹನ್ನೊಂದು ವರ್ಷ ದೊಡ್ಡವನು, ಹೈಸ್ಕೂಲಿನಲ್ಲಿ ಕ್ರಾಫ್ಟ್ ಮೇಷ್ಟ್ರು. ಮರ ಸಿಕ್ಕಿದರೆ ಸುಮ್ಮನಿರುವವನಲ್ಲ. ದಾವಣಗೆರೆಯ ಹತ್ತಿ ವ್ಯಾಪಾರಿಯೊಬ್ಬರು ಹಳೆಯ ವ್ಯಾನು ಮಾರುತ್ತಾರೆಂದು ತಿಳಿದಾಗ ಅವನ ಉಳಿತಾಯ, ನನ್ನ ಸ್ಟಾಫ್ ಲೋನು, ಅಮ್ಮನ ಎರಡು ಬಳೆ, ಎಲ್ಲ ಸೇರಿ 48,000 ಆಯಿತು. ಮನೆಗೆ ತಂದ ದಿನ ಅಮ್ಮ ಆರತಿ ಎತ್ತಿದರು.

ಮೆಟಾಡೋರ್ ಎಂದರೆ ಸ್ಪೇನ್ ದೇಶದಲ್ಲಿ ಹೋರಿಯೊಡನೆ ಕಾದಾಡುವವನು ಎಂದು ನಾನು ಡಿಕ್ಷನರಿ ನೋಡಿ ಹೇಳಿದೆ. ದೀಪಾವಳಿ ಆದ ಮೇಲೆ ಹೋರಿ ಬೆದರಿಸುವ ಸೀಮೆ ನಮ್ಮದು. ಅಣ್ಣ ತಕ್ಷಣ, “ಹೋರಿ ಹಿಡಿಯೋನ ಹೆಸರು ಯಾಕೆ? ಹೋರಿ ಹೆಸರೇ ಇರ್ಲಿ,” ಅಂದ. ಅವತ್ತಿನಿಂದ ಅದು ಬಸವ.

ಈ ವ್ಯಾನಿನಲ್ಲಿ ಎಂಜಿನ್ನು ಡ್ರೈವರಿನ ಪಕ್ಕದಲ್ಲೇ, ಒಂದು ಮುಚ್ಚಳದ ಕೆಳಗೆ ಇರುತ್ತದೆ. ಗಾಡಿಯನ್ನು ಎಳೆಯುವುದು ಮುಂದಿನ ಚಕ್ರಗಳು. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್ ಇಲ್ಲದ್ದರಿಂದ ಒಳಗಿನ ನೆಲ ತಗ್ಗಾಗಿ, ಸಪಾಟಾಗಿ ಇರುತ್ತದೆ. ಅಣ್ಣ ಅದನ್ನು ನೋಡಿಯೇ ಮರುಳಾಗಿದ್ದು. ಎರಡು ಬೇಸಿಗೆ ರಜೆ ಕೂತು ಮತ್ತಿ ಮರದ ಹಲಗೆಯಲ್ಲಿ ಮಡಚುವ ಮಂಚ ಮಾಡಿದ. ಹಗಲು ಬೆಂಚು, ರಾತ್ರಿ ಹಾಸಿಗೆ. ಹಿಂದಿನ ಬಾಗಿಲ ಬಳಿ ಕೆಳಗಿಳಿಸುವ ಹಲಗೆ. ಅದರ ಮೇಲೆ ಸೀಮೆಎಣ್ಣೆಯ ಪಂಪ್ ಸ್ಟವ್. ಉಪ್ಪು, ಸಕ್ಕರೆ, ಚಾಪುಡಿ ಡಬ್ಬಿಗಳು ಅಲ್ಲಾಡದ ಹಾಗೆ ದುಂಡನೆಯ ತೂತು ಕೊರೆದ ಗೂಡು. ನಲವತ್ತು ವರ್ಷದ ಮೇಲೂ ಆ ಗೂಡಿನಲ್ಲಿ ಡಬ್ಬಿ ಇಟ್ಟರೆ ಟಕ್ ಅಂತ ಕೂರುತ್ತದೆ.

ನಾವು ಒಟ್ಟು ಹನ್ನೊಂದು ಜನ. ಅಣ್ಣ, ಅತ್ತಿಗೆ, ನಾನು, ನನ್ನವಳು, ಅಮ್ಮ, ಹೀಗೆ ದೊಡ್ಡವರು ಐವರು. ಅಣ್ಣನ ಮೂವರು, ನನ್ನ ಇಬ್ಬರು, ಅಕ್ಕನ ಮಗ ಒಬ್ಬ, ಹೀಗೆ ಮಕ್ಕಳು ಆರು. ಮಕ್ಕಳಿಗೆ ಕೆಲಸ ಹಂಚಿತ್ತು. ಇಳಿಜಾರಿನಲ್ಲಿ ಗಾಡಿ ನಿಂತ ತಕ್ಷಣ ಇಬ್ಬರು ಕೆಳಗೆ ಹಾರಿ ಚಕ್ರಕ್ಕೆ ಕಲ್ಲು ಕೊಡಬೇಕು, ಏಕೆಂದರೆ ಬಸವನ ಹ್ಯಾಂಡ್‌ಬ್ರೇಕು ಹೆಸರಿಗೆ ಮಾತ್ರ. ಒಬ್ಬ ನೀರಿನ ಕ್ಯಾನು ನೋಡಿಕೊಳ್ಳಬೇಕು. ಒಬ್ಬಳು ಅಜ್ಜಿಯ ಎಲೆಯಡಿಕೆ ಚೀಲ. ಚಿಕ್ಕವನ ಕೆಲಸ ವಾಂತಿ ಬಂದರೆ ಮೊದಲೇ ಹೇಳುವುದು. ಅವನು ಯಾವತ್ತೂ ಮೊದಲೇ ಹೇಳಲಿಲ್ಲ.

ಜೋಗ, ಶೃಂಗೇರಿ, ಹಂಪಿ, ಮೈಸೂರು, ಮಲ್ಪೆ. ಸೂಳೆಕೆರೆಯ ಏರಿ ಮೇಲೆ ಮಂಡಕ್ಕಿ ಮೆಣಸಿನಕಾಯಿ. ತುಂಗಾ ಭದ್ರಾ ಕೂಡುವ ಕೂಡ್ಲಿಯಲ್ಲಿ ಬೆಳದಿಂಗಳ ಊಟ. ಬರುವಾಗ ಎಲ್ಲ ಮಕ್ಕಳೂ ಮಡಚುವ ಮಂಚದ ಮೇಲೆ ಒಬ್ಬರ ಮೇಲೊಬ್ಬರು ಕಾಲು ಹಾಕಿ ನಿದ್ದೆ. ಡೀಸೆಲ್ಲು, ಸೀಮೆಎಣ್ಣೆ, ಒದ್ದೆ ಟವೆಲ್ಲು, ಶೇಂಗಾ ಚಟ್ನಿಪುಡಿ ಇವೆಲ್ಲ ಸೇರಿದ ಒಂದು ವಾಸನೆ ಇತ್ತು. ಈಗಲೂ ಶೆಡ್ಡಿನ ಬಾಗಿಲು ತೆಗೆದರೆ ಅದು ಮೂಗಿಗೆ ಬಡಿಯುತ್ತದೆ. ನಾನು ತಿಂಗಳಿಗೊಮ್ಮೆ ಹೋಗಿ ಎಂಜಿನ್ನು ಚಾಲು ಮಾಡುತ್ತೇನೆ ಅಂತ ಮನೆಯಲ್ಲಿ ಹೇಳಿಕೊಂಡಿದ್ದೇನೆ. ಚಾಲು ಮಾಡಲು ಐದು ನಿಮಿಷ ಸಾಕು. ನಾನು ಒಂದು ಗಂಟೆ ಇರುತ್ತೇನೆ. ನನ್ನವಳಿಗೆ ಗೊತ್ತು, ಕೇಳುವುದಿಲ್ಲ.

ಅಣ್ಣ ತೀರಿಕೊಂಡದ್ದು 2009ರಲ್ಲಿ. ಅದಕ್ಕೂ ಮೊದಲೇ ಮಕ್ಕಳು ಓದು, ಕೆಲಸ, ಮದುವೆ ಅಂತ ಚದುರಿ ಹೋಗಿದ್ದರು. ಬಸವ ಶೆಡ್ಡು ಸೇರಿದ.

ಈಗ ವಿಷಯಕ್ಕೆ ಬರುತ್ತೇನೆ. ಗುಜರಿಯವನು ಹೋದ ಮೇಲೆ ಮೊಮ್ಮಗಳು ಬಸವನ ಪರ ನಿಂತಳು. ಅವಳೇ ಹುಡುಕಿ ಒಂದು ನಿಯಮ ತಂದಳು. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಬಾಡಿಗೆಗೆ ಓಡದ, ಚಾಸಿ, ಬಾಡಿ, ಎಂಜಿನ್ನು ಹೆಚ್ಚು ಬದಲಾಗದೆ ಉಳಿದ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರ ಬರುತ್ತದೆ. “ಅಜ್ಜ, ಬಸವಂಗೆ 2026ಕ್ಕೆ ಐವತ್ತು! ಇನ್ನೆರಡೇ ವರ್ಷ!” ಅಂತ ಕುಣಿದಳು. ನಾನೂ ಮನಸ್ಸಿನಲ್ಲಿ ಕುಣಿದೆ. ಆದರೆ ಗುಮಾಸ್ತನ ಅಭ್ಯಾಸ, ಸಣ್ಣ ಅಕ್ಷರವನ್ನು ಓದದೆ ಬಿಡುವುದಿಲ್ಲ. ವಿಂಟೇಜ್ ವಾಹನವನ್ನು ದಿನದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಡೀಸೆಲ್ ಹಾಕಿಸುವುದು, ರಿಪೇರಿ, ಹೀಗೆ ಕೆಲವಕ್ಕೆ ಮಾತ್ರ. ಅಂದರೆ ಗೌರವ ಸಿಗುತ್ತದೆ, ಜೋಗಕ್ಕೆ ಹೋಗುವ ಹಾಗಿಲ್ಲ. ನಿವೃತ್ತರಾದಾಗ ನಮಗೆ ಶಾಲು ಹೊದಿಸಿ ಕಳಿಸುತ್ತಾರಲ್ಲ, ಹಾಗೆ.

ವಿಂಟೇಜ್ ಬೇಡವೆಂದರೆ ಸಾಮಾನ್ಯ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಬೇಕು. ಕಾರಿನಂಥ ಲಘು ವಾಹನಗಳ ಆ ಶುಲ್ಕ 600 ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000 ಆಯಿತು. ನಾನು 2021ರಲ್ಲಿ ನವೀಕರಿಸಿದ್ದೆ, ಬಚಾವಾಗಿದ್ದೆ.

ಬಸವನ ದೇಹ ಎಷ್ಟು ಮೂಲದ್ದು, ಎಷ್ಟು ಬದಲಾದದ್ದು ಎಂದು ತಿಳಿಯಲು ನನ್ನ ಲೆಕ್ಕದ ಪುಸ್ತಕ ಹೊರಗೆ ಬಂತು. ನೀಲಿ ರಟ್ಟಿನ ಉದ್ದ ಪುಸ್ತಕ, ಒಟ್ಟು ಮೂರು. ಗಾಡಿಯ ಕಿಲೋಮೀಟರು ತೋರಿಸುವ ಮೀಟರು 1997ರಲ್ಲೇ ನಿಂತಿತು. ನನ್ನ ಪುಸ್ತಕ ನಿಲ್ಲಲಿಲ್ಲ. ಪ್ರತಿ ಪ್ರವಾಸಕ್ಕೂ ಮೊದಲ ಸಾಲಿನಲ್ಲಿ ತಾರೀಕು, ಊರು, ‘ಜನ 11 (ದೊ. 5, ಮ. 6)’. ಆಮೇಲೆ ಡೀಸೆಲ್ಲು, ಸೀಮೆಎಣ್ಣೆ, ಹಾಲು, ಬಾಳೆಹಣ್ಣು, ಟಿಕೆಟ್ಟು. ಪೈಸೆ ಪೈಸೆಗೂ ಲೆಕ್ಕ. ನನಗೆ ಆ ಪುಸ್ತಕದ ಬಗ್ಗೆ ಬಹಳ ಹೆಮ್ಮೆ ಇತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಮೊಮ್ಮಗಳು ಒಂದು ಭಾನುವಾರ ಇಡೀ ಪುಸ್ತಕ ಓದಿದಳು. ಸಂಜೆ ಬಂದು, “ಅಜ್ಜ, ನಿನ್ನ ಲೆಕ್ಕ ತಪ್ಪು,” ಅಂದಳು.

“ನನ್ನ ಲೆಕ್ಕ? ತಪ್ಪು?”

“ನೋಡು. ಮೈಸೂರು ಝೂ: ಟಿಕೆಟ್ ದೊಡ್ಡೋರು 4, ಮಕ್ಕಳು 6. ಅರಮನೆ: ದೊಡ್ಡೋರು 4, ಮಕ್ಕಳು 6. ಮಲ್ಪೆ ದೋಣಿ: 4 ಮತ್ತೆ 6. ತ್ಯಾವರೆಕೊಪ್ಪ ಸಿಂಹಧಾಮ: 4 ಮತ್ತೆ 6. ಮೇಲೆ ಮಾತ್ರ ದೊಡ್ಡೋರು 5 ಅಂತ ಬರ್ದೀಯ. ಎಲ್ಲ ಕಡೆನೂ ಒಬ್ಬರು ಕಮ್ಮಿ. ಯಾರಿಗೆ ಟಿಕೆಟ್ ತಗೊಂಡಿಲ್ಲ ನೀನು?”

ಕ್ಯಾಷಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಎಂಟಾದರೂ ಹುಡುಕುತ್ತಿದ್ದವನು ನಾನು. ನಲವತ್ತು ವರ್ಷದ ಈ ವ್ಯತ್ಯಾಸ ನನ್ನ ಕೈಬರಹದಲ್ಲೇ ಇದ್ದರೂ ಕಣ್ಣಿಗೆ ಬಿದ್ದಿರಲಿಲ್ಲ. ಮೊದಲು ಅಮ್ಮ ಇರಬಹುದೆಂದುಕೊಂಡೆ. ಇಲ್ಲ, ಅಮ್ಮ ಅರಮನೆ ನೋಡಿದ್ದು, ದೋಣಿಯಲ್ಲಿ ಹೆದರಿ ನನ್ನ ಕೈ ಹಿಡಿದದ್ದು ಎಲ್ಲ ನೆನಪಿದೆ. ಅಣ್ಣ ಇರಲೇಬೇಕು, ಅವನೇ ಮುಂದಾಳು. ನನ್ನವಳ ಕಂಕುಳಲ್ಲಿ ಚಿಕ್ಕವನು ಇರುತ್ತಿದ್ದ.

ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ನನ್ನವಳು, “ಅಂತೂ ಗೊತ್ತಾತಲ್ಲ,” ಅಂದಳು. “ಅಕ್ಕ ಯಾವತ್ತು ಇಳಿದು ಬಂದಿದ್ರು? ‘ನೀ ಹೋಗು, ಮಕ್ಕಳು ಸಣ್ಣವು’ ಅಂತ ನನ್ನ ಕಳಿಸ್ತಿದ್ರು. ನಾವು ಬರೋ ಹೊತ್ತಿಗೆ ಅನ್ನ ಸಾರು ಆಗಿರ್ತಿತ್ತು.”

ಅತ್ತಿಗೆಗೆ ಈಗ ಎಂಬತ್ತೊಂದು. ಅದೇ ಮನೆಯ ಮುಂಭಾಗದಲ್ಲಿ ಇರುತ್ತಾರೆ. ಗಾಡಿಯಲ್ಲಿ ಅರ್ಧ ಅಣ್ಣನದು, ಅಂದರೆ ಅವರದು. ಮಾರಬೇಕೋ ಬೇಡವೋ ಅಂತ ಅವರ ಮಗ ಹೇಳಿದ, ನಾನು ಹೇಳಿದೆ, ಮೊಮ್ಮಗಳು ಹೇಳಿದಳು. ಅವರನ್ನು ಒಬ್ಬರೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಹೋಗಿ ಕೇಳಿದೆ. ಅವರು ಕಟ್ಟೆಯ ಮೇಲೆ ಕೂತು ಅವರೆಕಾಳು ಬಿಡಿಸುತ್ತಿದ್ದರು.

“ಮಾರಿಬಿಡ್ರಿ,” ಅಂದರು. ಕೈ ನಿಲ್ಲಲಿಲ್ಲ.

ಅವರಿಗೆ ಕಣ್ಣೀರು ಬರುತ್ತದೆ, ಸಮಾಧಾನ ಮಾಡಬೇಕು ಅಂತ ನಾನು ಸಿದ್ಧವಾಗಿ ಹೋಗಿದ್ದೆ. “ಅಣ್ಣನ ಗಾಡಿ ಅಲ್ವೇನ್ರೀ ಅತ್ತಿಗೆ?” ಅಂದೆ.

“ನಿಮ್ಮಣ್ಣನ ಗಾಡಿ, ನಿಮ್ಮ ಗಾಡಿ, ಹುಡುಗರ ಗಾಡಿ. ನನಗೆ ಅದು ಗಾಲಿ ಮ್ಯಾಗಿನ ಅಡಿಗೆಮನಿ ನೋಡಪಾ. ಇಲ್ಲಿ ಒಲೆ ಮುಂದ ಇರ್ತಿದ್ದೆ, ಅಲ್ಲೂ ಒಲೆ ಮುಂದ ಇರ್ತಿದ್ದೆ. ಇಲ್ಲಿ ಹೊಗೆ ಹೋಗಕ್ಕೆ ಕಿಟಕಿನಾರ ಐತಿ.” ಸ್ವಲ್ಪ ಹೊತ್ತು ಬಿಟ್ಟು, “ಆಗುಂಬೆಗೆ ಮೂರು ಸಾರಿ ಹೋಗೀವಿ. ಸೂರ್ಯ ಮುಳುಗೋದು ಹೆಂಗೈತಿ ಅಂತ ನಂಗೊತ್ತಿಲ್ಲ. ಉಪ್ಪಿಟ್ಟಿಗೆ ಎಷ್ಟು ನೀರು ಅಂತ ಕೇಳು, ಹೇಳ್ತೀನಿ,” ಅಂದರು. ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೇ ಹೇಳಿದರು. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಗುಂಬೆ ನಿಮಗೆ ಗೊತ್ತಿರಬಹುದು ಮಕ್ಕಳೇ. ಶಂಕರ್‌ನಾಗ್ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರಿಸಿದ ಊರು. ಊರಿನಿಂದ ಎರಡು ಕಿಲೋಮೀಟರಿನ ಒಳಗೇ, ಘಾಟಿಯ ತಲೆಯಲ್ಲಿ ಸೂರ್ಯಾಸ್ತ ನೋಡುವ ಕಟ್ಟೆ ಇದೆ. ಆಕಾಶ ತಿಳಿಯಾಗಿದ್ದರೆ ದೂರದ ಕಡಲಿನವರೆಗೂ ಕಾಣುತ್ತದೆ. ನಾವು ಬಸವನನ್ನು ಊರಿನಲ್ಲಿ ನಿಲ್ಲಿಸಿ ಮಕ್ಕಳನ್ನು ಕರೆದುಕೊಂಡು ನಡೆದು ಹೋಗುತ್ತಿದ್ದೆವು. ಕತ್ತಲಾಗಿ ವಾಪಸು ಬಂದಾಗ ಬಿಸಿ ಬಿಸಿ ಉಪ್ಪಿಟ್ಟು ಕಾದಿರುತ್ತಿತ್ತು. ಅದು ಬಸವನ ಕೊಡುಗೆ ಎಂಬಂತೆ ತಿನ್ನುತ್ತಿದ್ದೆವು.

ನಾನು ಗ್ಯಾರೇಜಿನ ಮೇಸ್ತ್ರಿಯ ಮನೆಗೆ ಹೋದೆ. ಅವನು ಹುಡುಗನಾಗಿದ್ದಾಗಿನಿಂದ ಬಸವನ ನಾಡಿ ನೋಡಿದವನು. ಈಗ ಅವನಿಗೂ ಅರವತ್ತೆಂಟು, ಗ್ಯಾರೇಜು ಮಗನದು. ಹದಿನೈದು ದಿನ ಹಿಡಿಯಿತು. ಬ್ರೇಕ್ ಲೈನಿಂಗ್, ಬ್ಯಾಟರಿ, ಎರಡು ಟೈರು, ಡೀಸೆಲ್ ಟ್ಯಾಂಕ್ ತೊಳೆದದ್ದು, ವಿಮೆ, ಹೊಗೆ ತಪಾಸಣೆ, ಎಲ್ಲ ಸೇರಿ 27,400. ಗುಜರಿಯ ಬೆಲೆಗೆ ಹತ್ತಿರ ಬಂತು. ಅಣ್ಣನ ಮಗ ಫೋನಿನಲ್ಲಿ, “ಕಾಕಾ, ಅಷ್ಟು ದುಡ್ಡಲ್ಲಿ ಅವ್ವನ್ನ ಕಾರು ಮಾಡಿಸಿ ಹತ್ತು ಸಾರಿ ಕರ್ಕಂಡು ಹೋಗಬಹುದಿತ್ತು,” ಅಂದ. ನಿಜ. ಲೆಕ್ಕದಲ್ಲಿ ಅವನೇ ಸರಿ. ಆದರೂ ಅವನು ಡಿಸೆಂಬರಿನ ಆ ಭಾನುವಾರ ದಾವಣಗೆರೆಯಿಂದ ಬೆಳಗಿನ ಬಸ್ಸಿಗೇ ಬಂದು, ಬಾಗಿಲಲ್ಲಿ ಅಮ್ಮನ ಚಪ್ಪಲಿ ಹಿಡಿದುಕೊಂಡು ನಿಂತಿದ್ದ.

ಅತ್ತಿಗೆ ಅಭ್ಯಾಸದಂತೆ ಹಿಂದಿನ ಬಾಗಿಲಿಗೆ ಹೋದರು. “ಅಲ್ಲಲ್ಲ, ಮುಂದೆ,” ಅಂತ ಮೊಮ್ಮಗಳು ಕೈ ಹಿಡಿದು ಮುಂದಿನ ಸೀಟಿಗೆ ಹತ್ತಿಸಿದಳು. ಅದು ಅಣ್ಣ ಗಾಡಿ ಓಡಿಸುವಾಗ ನಾನು ಕೂರುತ್ತಿದ್ದ ಜಾಗ. ನಾನು ಹಿಂದೆ, ಮಡಚುವ ಮಂಚದ ಮೇಲೆ, ಡಬ್ಬಿಗಳ ಪಕ್ಕದಲ್ಲಿ ಕೂತೆ. ಅಲ್ಲಿಂದ ರಸ್ತೆ ಕಾಣುವುದಿಲ್ಲ ಅನ್ನುವುದು ನನಗೆ ಅವತ್ತೇ ಗೊತ್ತಾದದ್ದು. ಕಾಣುವುದು ಮುಂದೆ ಕೂತವರ ತಲೆ.

ಮೇಸ್ತ್ರಿ ನಲವತ್ತರ ಮೇಲೆ ಓಡಿಸಲಿಲ್ಲ. ಶಿವಮೊಗ್ಗ ದಾಟಿ ಮಂಡಗದ್ದೆಯಲ್ಲಿ ತುಂಗೆಯ ದಂಡೆಗೆ ನಿಲ್ಲಿಸಿ ಬುತ್ತಿ ಬಿಚ್ಚಿದೆವು. ಎಂಜಿನ್ನಿನ ಮುಚ್ಚಳದ ಬಿಸಿ ಅತ್ತಿಗೆಯ ಮಂಡಿನೋವಿಗೆ ಹಿತವಾಯಿತಂತೆ. “ಇಷ್ಟು ವರ್ಷ ಇದು ನೀವೇ ಇಟ್ಕಂಡಿದ್ರಿ,” ಅಂದರು. ತೀರ್ಥಹಳ್ಳಿಯ ನಂತರ ರಸ್ತೆಯ ಎರಡೂ ಕಡೆ ಕಾಡು ಹತ್ತಿರ ಬಂದಾಗ ಅವರು ಮಾತು ನಿಲ್ಲಿಸಿ ಹೊರಗೆ ನೋಡುತ್ತಾ ಕೂತರು.

ಆಗುಂಬೆ ಮುಟ್ಟಿದಾಗ ನಾಲ್ಕೂವರೆ. ಮೇಸ್ತ್ರಿ ಬಸವನನ್ನು ಊರಿನಲ್ಲೇ, ಸಪಾಟು ಜಾಗದಲ್ಲಿ ನಿಲ್ಲಿಸಿ, “ಘಾಟಿ ಬಾಯಿಗೆ ನಾನು ಗಾಡಿ ಒಯ್ಯಲ್ಲ ಸಾರ್. ಈ ಬ್ರೇಕಿನ ಮ್ಯಾಲೆ ಅಮ್ಮಾರನ್ನ ಕೂರಿಸ್ಕಂಡು ಇಳಿಜಾರಿಗೆ ಬರಲ್ಲ,” ಅಂದ. ಮೊಮ್ಮಗಳು ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು, ಸಪಾಟಾದರೂ ಕೊಟ್ಟಳು. ಆಟೊ ಒಂದು ಸಿಕ್ಕಿತು. ಅತ್ತಿಗೆ, ನನ್ನವಳು, ಅಣ್ಣನ ಮಗ, ಮೊಮ್ಮಗಳು ಹತ್ತಿದರು. ಆಟೊದವನು ಒಂದು ತಲೆ ಹೆಚ್ಚಾಯಿತೆಂದು ಗೊಣಗಿದರೂ ಒಪ್ಪಿದ. ಇನ್ನೊಂದು ಆಟೊ ಮಾಡುತ್ತೇನೆ ಅಂದ ಅಣ್ಣನ ಮಗ. ನಾನು, “ನೀವು ಹೋಗಿ ಬರ್ರಿ. ಚಾ ಮಾಡಿಟ್ಟಿರ್ತೀನಿ,” ಅಂದೆ.

ಅತ್ತಿಗೆ ಆಟೊದೊಳಗಿಂದ ತಿರುಗಿ ನೋಡಿದರು. ಏನೂ ಅನ್ನಲಿಲ್ಲ.

ಮೇಸ್ತ್ರಿ ಎಲ್ಲೋ ತಿರುಗಾಡಲು ಹೋದ. ಹಿಂದಿನ ಹಲಗೆ ಇಳಿಸಿ ಒಂದು ಬರ್ನರಿನ ಚಿಕ್ಕ ಗ್ಯಾಸ್ ಒಲೆ ಇಟ್ಟೆ. ಹಲಗೆ ಎಷ್ಟು ತಗ್ಗಿನಲ್ಲಿದೆಯೆಂದರೆ ಐದು ನಿಮಿಷ ಬಗ್ಗಿ ನಿಂತರೆ ಸೊಂಟ ಹಿಡಿಯುತ್ತದೆ. ಅಣ್ಣ ಎಲ್ಲವನ್ನೂ ಅಳತೆ ಮಾಡಿ ಮಾಡಿದವನು. ಅತ್ತಿಗೆಯ ಎತ್ತರವನ್ನು ಮಾತ್ರ ಅಳೆದಿರಲಿಲ್ಲ. ಗಾಳಿಗೆ ಉರಿ ಮೂರು ಸಲ ಆರಿತು. ನನ್ನ ಟವೆಲ್ಲನ್ನು ಮರೆಯಾಗಿ ಕಟ್ಟಿದೆ. ಹಾಲು ಉಕ್ಕಿ ಅರ್ಧ ಹೋಯಿತು, ಅಂಗಡಿಗೆ ಹೋಗಿ ಇನ್ನೊಂದು ಪ್ಯಾಕೆಟ್ ತಂದೆ. ಪಡುವಣದ ಕಡೆ ಮರಗಳ ಮೇಲೆ ಆಕಾಶ ಕೆಂಪಾಗುತ್ತಿರುವುದು ಗೊತ್ತಾಗುತ್ತಿತ್ತು. ಸೂರ್ಯ ಮರಗಳ ಹಿಂದಿದ್ದ. ಬಸವನ ಹಿಂಬಾಗಿಲಿನಲ್ಲಿ ನಿಂತವರಿಗೆ ಕಾಣುವುದು ಅಷ್ಟೇ.

ಏಳು ಗಂಟೆಯ ಸುಮಾರಿಗೆ ಆಟೊ ಬಂತು. ಮೊಮ್ಮಗಳು ಮೊದಲು ಓಡಿ ಬಂದು, ಸೂರ್ಯ ಹೇಗೆ ಒಮ್ಮೆ ಮಡಕೆಯ ಹಾಗೆ, ಒಮ್ಮೆ ತಟ್ಟೆಯ ಹಾಗೆ ಆದ ಎಂದು ಒಂದೇ ಉಸಿರಿಗೆ ಹೇಳಿದಳು. ನನ್ನವಳು ಕಣ್ಣೊರೆಸಿಕೊಳ್ಳುತ್ತಿದ್ದಳು, ಗಾಳಿಗೆ ಅಂತ ಹೇಳಿದಳು. ಅತ್ತಿಗೆ ನಿಧಾನವಾಗಿ ಇಳಿದು ಹಲಗೆಯ ಹತ್ತಿರ ಬಂದರು. ಟವೆಲ್ಲು, ಚೆಲ್ಲಿದ ಹಾಲು, ಮುಚ್ಚಳ ಬಿದ್ದ ಸಕ್ಕರೆ ಡಬ್ಬಿ, ಎಲ್ಲವನ್ನೂ ಒಮ್ಮೆ ನೋಡಿದರು. ಡಬ್ಬಿಯ ಮುಚ್ಚಳ ಹಾಕಿ ಗೂಡಿನಲ್ಲಿಟ್ಟರು. ಟಕ್ ಅಂತ ಕೂತಿತು.

ಲೋಟ ಕೈಗೆ ಕೊಟ್ಟು, “ಹೆಂಗಿತ್ತು ಅತ್ತಿಗೆ?” ಅಂದೆ.

ಒಂದು ಗುಟುಕು ಕುಡಿದರು. “ಸಕ್ಕರೆ ಜಾಸ್ತಿ ಆಗೇತಿ,” ಅಂದರು. ಪೂರ್ತಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಮಗನ ಕಡೆ ತಿರುಗಿ, “ಮಳಿಗೆ ಒಂದೇ ಕಟ್ಟು ಈಗ. ಮಳೆಗಾಲ ಬರ್ಲಿ, ಜೋಗ ಒಂದು ನೋಡದು ಉಳದೈತಿ,” ಅಂದರು.

ರಾತ್ರಿ ಮನೆಗೆ ಬಂದು ಪುಸ್ತಕ ತೆಗೆದೆ. ಮೊಮ್ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಆಗುಂಬೆ. ಜನ 6. ಡೀಸೆಲ್ಲು, ಹಾಲು ಎರಡು ಪ್ಯಾಕೆ‌ಟ್. ಆಟೊ ಹೋಗಿ ಬರುವುದು: ದೊಡ್ಡವರು 3, ಮಕ್ಕಳು 1.